ಪಾರ್ಸೆಲ್ ಚೀಲದ ಮೇಲೆ ಜಾಹೀರಾತು: ಜಾಗ ಮಾರುವುದು ಹೇಗೆ?

ಧಾರವಾಡದ ಸಪ್ತಾಪುರದಂಥ ಬಡಾವಣೆಯನ್ನು ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ರೂಮು, ಪಿಜಿಗಳಲ್ಲಿ ತುಂಬಿದ್ದಾರೆ. ಅವರಿಗೆ ಬೇಕಾದ ಕೋಚಿಂಗ್ ತರಗತಿ, ಝೆರಾಕ್ಸ್ ಅಂಗಡಿ, ಲಾಂಡ್ರಿ ಎಲ್ಲವೂ ಸುತ್ತಮುತ್ತಲೇ ಇವೆ. ನೀವೇ ಚೀಲ ಅಚ್ಚು ಹಾಕಿಸಿ ಕೆಲವು ಹೋಟೆಲುಗಳಿಗೆ ಕೊಟ್ಟರೆ, ರಾತ್ರಿ ರೂಮಿಗೆ ಹೋಗುವ ಆ ಊಟದ ಚೀಲದ ಮೇಲಿನ ಜಾಗವನ್ನು ಈ ಅಂಗಡಿಗಳಿಗೆ ಮಾರಬಹುದು. ಆದರೆ ಹೋಟೆಲುಗಳೆಲ್ಲ ಒಂದೇ ಬಡಾವಣೆಯವಾಗಿರಲಿ. ಊರ ಇನ್ನೊಂದು ತುದಿಗೆ ಹೋಗುವ ಚೀಲಕ್ಕೆ ಇಲ್ಲಿನ ಲಾಂಡ್ರಿಯವರು ಯಾಕೆ ದುಡ್ಡು ಕೊಟ್ಟಾರು?

ಮೊದಲು ಎಣಿಸಿ

ಹೋಟೆಲ್ ಮಾಲೀಕರು ಬಾಯಲ್ಲಿ ಹೇಳುವ ಸಂಖ್ಯೆಯನ್ನು ನಂಬಿ ದರ ಹೇಳಬೇಡಿ. ಹಿಂದಿನ ಒಂದು ತಿಂಗಳ ಪಾರ್ಸೆಲ್ ಬಿಲ್ಲುಗಳನ್ನು ಗಲ್ಲಾದಲ್ಲೇ ಕೂತು ನೋಡಿ. ಸ್ವಿಗ್ಗಿ, ಝೊಮ್ಯಾಟೊ ಆರ್ಡರು ಬೇರೆ, ಕೌಂಟರಿನಿಂದ ಒಯ್ಯುವ ಪಾರ್ಸೆಲ್ ಬೇರೆ ಬರೆದುಕೊಳ್ಳಿ. ಮೂರು ಹೋಟೆಲುಗಳಿಂದ ದಿನಕ್ಕೆ 60, 45, 35 ಪಾರ್ಸೆಲ್ ಹೋಗುತ್ತವೆ ಎಂದಿಟ್ಟುಕೊಳ್ಳಿ, ಒಟ್ಟು 140. ಆಗ 10,000 ಚೀಲ ಮುಗಿಯಲು 70 ದಿನಕ್ಕೂ ಸ್ವಲ್ಪ ಹೆಚ್ಚು ಬೇಕು. ‘ಜೂನ್ 5ರಿಂದ ಹೊಸ ಬ್ಯಾಚ್’ ಎಂಬ ಜಾಹೀರಾತನ್ನು ಚೀಲಕ್ಕೆ ಹಾಕಬಾರದು ಎನ್ನುವುದು ಇದಕ್ಕೇ: ತಾರೀಖು ಕಳೆದ ಮೇಲೂ ಚೀಲ ಓಡಾಡುತ್ತಿರುತ್ತದೆ.

ಚೀಲದ ಯಾವ ಜಾಗಕ್ಕೆ ಬೆಲೆ?

ಎರಡು ಡಬ್ಬಿ ಊಟಕ್ಕೆ 80ರಿಂದ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಂದು ಕ್ರಾಫ್ಟ್ ಕಾಗದದ ಚೀಲ ಸಾಕು. ಸಾರು, ಗ್ರೇವಿ ಹೆಚ್ಚಿದ್ದರೆ 100ಕ್ಕಿಂತ ಕೆಳಗೆ ಇಳಿಯಬೇಡಿ, ತಳ ಒದ್ದೆಯಾಗಿ ಬಿಟ್ಟುಕೊಳ್ಳುತ್ತದೆ.

ಪಾರ್ಸೆಲ್ ಕಟ್ಟುವವರ ಕೈಯನ್ನು ಅರ್ಧ ಗಂಟೆ ಗಮನಿಸಿದರೆ ವಿನ್ಯಾಸದ ಅರ್ಧ ಪಾಠ ಸಿಗುತ್ತದೆ. ಅವರು ಚೀಲದ ಬಾಯನ್ನು ಎರಡು ಸುತ್ತು ಮಡಚಿ, ಅದರ ಮೇಲೆ ಬಿಲ್ ಇಟ್ಟು ಸ್ಟೇಪ್ಲರ್ ಹೊಡೆಯುತ್ತಾರೆ. ಹಾಗಾಗಿ ಮೇಲಿನ ಮೂರು ಇಂಚು ಖಾಲಿ ಬಿಡಿ. ತಳದ ಎರಡು ಇಂಚಿಗೆ ಎಣ್ಣೆ ಇಳಿಯುತ್ತದೆ, ಅದೂ ಬೇಡ. ಪಕ್ಕದ ಮಡಿಕೆಯಲ್ಲಿ ಫೋನ್ ನಂಬರ್ ಎರಡು ತುಂಡಾಗಿ ಕಾಣುತ್ತದೆ. ಮಾರಲು ಉಳಿಯುವುದು ಹಿಂಬದಿಯ ನಡುಭಾಗ ಮಾತ್ರ. ಅದನ್ನು ನಾಲ್ಕು ಚೌಕ ಮಾಡಿ, ಐದನೆಯದಕ್ಕೆ ಆಸೆಪಡಬೇಡಿ. ಮುಂಬದಿ ಪೂರ್ತಿ ಹೋಟೆಲಿನದು. ತಮ್ಮ ಹೆಸರು ಚಿಕ್ಕದಾದರೆ ಮಾಲೀಕರು ಎರಡನೇ ಸಲ ಒಪ್ಪುವುದಿಲ್ಲ, ಅದು ನ್ಯಾಯವೇ. ಮೂರು ಹೋಟೆಲಿಗೂ ಹಿಂಬದಿ ಒಂದೇ ಇರಲಿ. ಮುಂಬದಿಯ ಪ್ಲೇಟ್ (ಮುದ್ರಣದ ಅಚ್ಚು) ಮಾತ್ರ ಬದಲಾಗಲಿ.

ಲೆಕ್ಕ

ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನಲ್ಲಿ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಮುದ್ರಣ ಸೇರಿ ಚೀಲಕ್ಕೆ 5 ರೂಪಾಯಿಯಂತೆ 10,000 ಚೀಲಕ್ಕೆ 50,000. ಡಿಟಿಪಿ (ಕಂಪ್ಯೂಟರಿನಲ್ಲಿ ವಿನ್ಯಾಸ), ಸಾಗಾಟಕ್ಕೆ 5,000. ಒಟ್ಟು ಖರ್ಚು 55,000 ರೂಪಾಯಿ. ಹೋಟೆಲಿನಿಂದ ಚೀಲಕ್ಕೆ 1 ರೂಪಾಯಿ ತೆಗೆದುಕೊಂಡರೆ 10,000 ಬಂತು. (ಪೂರ್ತಿ ಪುಕ್ಕಟೆ ಕೊಟ್ಟ ಚೀಲವನ್ನು ಯಾರೂ ಜೋಪಾನ ಮಾಡುವುದಿಲ್ಲ.) ಚೌಕಕ್ಕೆ 18,000ದಂತೆ ನಾಲ್ಕೂ ಮಾರಿದರೆ ನಿಮಗೆ 27,000 ಉಳಿಯುತ್ತದೆ. ಮೂರು ಮಾರಿದರೆ 9,000. ಎರಡೇ ಮಾರಿದರೆ 9,000 ಕೈಯಿಂದ ಹೋಗುತ್ತದೆ. ಮೂರು ಚೌಕಕ್ಕೆ ಮುಂಗಡ ಬರುವವರೆಗೆ ಪ್ರೆಸ್ಸಿಗೆ ಪೂರ್ತಿ ಮುದ್ರಣಕ್ಕೆ ಹೇಳಬೇಡಿ.

ಅಂಗಡಿಯವರು ಇದನ್ನು ಪೇಪರಿನೊಳಗೆ ಹಾಕಿಸುವ ಪಾಂಪ್ಲೆಟ್ ಜತೆ ಹೋಲಿಸಿಯೇ ತೀರುತ್ತಾರೆ. ಚೀಲಕ್ಕೆ 1 ರೂಪಾಯಿ 80 ಪೈಸೆ ಬೀಳುತ್ತದೆ ಎಂದು ನೇರವಾಗಿ ಹೇಳಿ, ಯಾವ ರಸ್ತೆಗಳಿಗೆ ಎಷ್ಟು ಪಾರ್ಸೆಲ್ ಹೋಗುತ್ತದೆ ಎಂಬ ಪಟ್ಟಿ ತೋರಿಸಿ. ಒಂದೇ ಪರೀಕ್ಷೆಯ ಎರಡು ಕೋಚಿಂಗ್ ಸಂಸ್ಥೆಗಳನ್ನು ಒಂದೇ ಚೀಲದಲ್ಲಿ ಕೂರಿಸಬೇಡಿ.

ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಪತ್ರಿಕೆಯ ಜಾಹೀರಾತಿಗಿರುವ 5 ಶೇಕಡಾ ದರ ಚೀಲಕ್ಕೆ ಅನ್ವಯಿಸದು, ಇಲ್ಲಿ 18 ಶೇಕಡಾ.

ಪ್ರೆಸ್ಸಿನಲ್ಲಿ ಕೆಡುವುದು

ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟ್ ಬೇಕು, ಆದ್ದರಿಂದ ಒಂದೋ ಎರಡೋ ಬಣ್ಣಕ್ಕೆ ನಿಲ್ಲಿಸಿ. ಕಂದು ಕಾಗದದ ಮೇಲೆ ಹಳದಿ, ತಿಳಿ ಹಸಿರು ಮಾಯವಾಗುತ್ತವೆ. ಕಪ್ಪು, ಕಡುಗೆಂಪು, ಕಡುನೀಲಿ ನಿಲ್ಲುತ್ತವೆ. ಕನ್ನಡಕ್ಕೆ ಇನ್ನೊಂದು ತೊಂದರೆ: ಸಣ್ಣ ಅಕ್ಷರದ ಒತ್ತುಗಳಲ್ಲಿ ಶಾಯಿ ತುಂಬಿ ‘ಷ್ಟ’, ‘ಕ್ಷ’ ಬರೀ ಚುಕ್ಕೆಯಾಗುತ್ತವೆ. ದಪ್ಪ ಅಕ್ಷರ, 14 ಪಾಯಿಂಟಿಗೆ ಕಡಿಮೆಯಿಲ್ಲದಂತೆ ಇಡಿ. ನುಡಿ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶದಲ್ಲಿ ಮಾಡಿದ ಫೈಲನ್ನು ಕೋರೆಲ್‌ಡ್ರಾದಲ್ಲಿ ಕರ್ವ್ ಮಾಡಿಸಿಯೇ (ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿಯೇ) ಕಳಿಸಿ. ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ.

ಕ್ಯುಆರ್ ಕೋಡ್ ಒಂದು ಇಂಚಿಗಿಂತ ಚಿಕ್ಕದಾಗಬಾರದು, ಸುತ್ತ ಖಾಲಿ ಅಂಚು ಇರಬೇಕು. ಒಂದು ಚೀಲ ಅಚ್ಚು ಹಾಕಿಸಿ, ಸಂಜೆ ಮಂದ ಬೆಳಕಿನಲ್ಲಿ ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಿ. ಈ ಪ್ರೂಫಿನಲ್ಲಿರುವ (ಪರೀಕ್ಷೆಗೆ ತೆಗೆದ ಅಚ್ಚಿನಲ್ಲಿರುವ) ಪ್ರತಿ ನಂಬರಿಗೂ ಕರೆ ಮಾಡಿ ನೋಡಿದ ಮೇಲೆಯೇ ಜಾಹೀರಾತುದಾರರ ಸಹಿ ಪಡೆಯಿರಿ.

2018ರ ಆಹಾರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಮುದ್ರಿತ ಮೈ ಆಹಾರಕ್ಕೆ ತಾಗುವಂತಿಲ್ಲ, ಶಾಯಿ ಐಎಸ್ 15495 ಎಂಬ ಭಾರತೀಯ ಮಾನಕಕ್ಕೆ ಒಪ್ಪುವಂತಿರಬೇಕು. ಹೊರಚೀಲ ಸರಿ, ರೊಟ್ಟಿ ಸುತ್ತುವ ಕಾಗದದ ಒಳಮೈಗೆ ಜಾಹೀರಾತು ಬೇಡವೇ ಬೇಡ.

ಯಾರ ಜಾಹೀರಾತು ಬೇಡ?

ತಂಬಾಕು, ಗುಟ್ಕಾ ಬೇಡ. 2003ರ ಕಾಯ್ದೆ ತಡೆಯುತ್ತದೆ. ‘ಸಕ್ಕರೆ ಕಾಯಿಲೆ ಖಾತ್ರಿ ವಾಸಿ’ ಎನ್ನುವ ಔಷಧವೂ 1954ರ ಕಾಯ್ದೆಯಡಿ ಅಪರಾಧ. ವಕೀಲರು ಜಾಹೀರಾತು ಕೊಡುವಂತಿಲ್ಲ. ಕೋಚಿಂಗ್ ಸಂಸ್ಥೆಯವರು ಪಾಸಾದವರ ಫೋಟೊ ತಂದರೆ, ಆಯ್ಕೆಯಾದ ಮೇಲೆ ಆ ಅಭ್ಯರ್ಥಿ ಬರೆದುಕೊಟ್ಟ ಒಪ್ಪಿಗೆ ಕೇಳಿ. 2024ರ ನವೆಂಬರಿನ ಕೇಂದ್ರ ಮಾರ್ಗಸೂಚಿ ಅದನ್ನು ಕಡ್ಡಾಯ ಮಾಡಿದೆ.

ಹಂಚುವುದು, ಲೆಕ್ಕ ಕೊಡುವುದು

ಎಲ್ಲ ಚೀಲ ಒಮ್ಮೆಲೇ ಹೋಟೆಲಿಗೆ ಇಳಿಸಬೇಡಿ. ಅಡುಗೆಮನೆಯ ಆವಿಗೆ ಗೋಂದು ಬಿಡುತ್ತದೆ, ಇಲಿ ಕಡಿಯುತ್ತದೆ. 100ರ ಕಟ್ಟು ಕಟ್ಟಿ, ವಾರಕ್ಕೆ ಬೇಕಾದಷ್ಟು ಮಾತ್ರ ಕೊಡಿ. ಪ್ರತಿ ಸಲವೂ ಚಲನಿಗೆ (ಚೀಲ ಕೊಟ್ಟ ಲೆಕ್ಕದ ಚೀಟಿಗೆ) ಸಹಿ ಹಾಕಿಸಿಕೊಳ್ಳಿ. ಪ್ರೂಫಿಗೆ ಸಹಿಯಾದಾಗ ಅರ್ಧ, ಮೊದಲ ಕಟ್ಟು ಹೋಟೆಲ್ ಸೇರಿದಾಗ ಉಳಿದರ್ಧ ಹಣ ಎಂದು ಒಂದು ಪುಟದ ಒಪ್ಪಂದದಲ್ಲಿ ಬರೆಯಿರಿ. ತಿಂಗಳ ಕೊನೆಗೆ ಚಲನಿನ ಪ್ರತಿ, ಮುದ್ರಣದ ಬಿಲ್ಲು ಎರಡನ್ನೂ ಜಾಹೀರಾತುದಾರರಿಗೆ ಕೊಡಿ. ಪ್ರತಿ ಚೌಕಕ್ಕೂ ಬೇರೆ ರಿಯಾಯಿತಿ ಕೋಡ್ ಹಾಕಿದ್ದರೆ ಎಷ್ಟು ಗಿರಾಕಿ ಬಂದರು ಎಂಬುದು ಅವರ ಗಲ್ಲಾದಲ್ಲೇ ಗೊತ್ತಾಗುತ್ತದೆ. 3,000 ಚೀಲ ಉಳಿದಿರುವಾಗಲೇ ಮುಂದಿನ ಸುತ್ತಿನ ಮಾತು ತೆಗೆಯಿರಿ. ಅಷ್ಟು ಚೀಲ ಸುಮಾರು ಮೂರು ವಾರ ಬರುತ್ತದೆ, ಹೊಸ ಪ್ಲೇಟ್, ಮುದ್ರಣ, ಸಾಗಾಟ ಎಲ್ಲವೂ ಅಷ್ಟರೊಳಗೆ ಆಗಬೇಕು.