ಸದ್ದು ಟ್ಯಾಂಕಿಗೆ ಬರುವುದು ಕೆಳಗಿನಿಂದ

ಟಿವಿ ಸದ್ದು ಜಾಸ್ತಿ ಮಾಡಿದರೆ ಮೀನಿಗೆ ತೊಂದರೆ ಆಗುತ್ತಾ? ಅಕ್ವೇರಿಯಂ ಇಟ್ಟವರು ಒಮ್ಮೆಯಾದರೂ ಹೀಗೆ ಕೇಳುತ್ತಾರೆ. ಅದೇ ಮನೆಯಲ್ಲಿ ಏರ್ ಪಂಪ್ ಟ್ಯಾಂಕಿನ ಗಾಜಿಗೆ ಒರಗಿಕೊಂಡು ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಅದರ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ನೋಡಬೇಕಾದದ್ದು ಆ ಪಂಪನ್ನೇ.

ಗಾಳಿಯಲ್ಲಿ ಬರುವ ಸದ್ದು ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ವಾಪಸ್ ಹೋಗಿಬಿಡುತ್ತದೆ. ಹಾಗಾಗಿ ನಮ್ಮ ಮಾತುಕತೆ, ಫೋನ್ ರಿಂಗು, ಟಿವಿ ಸುದ್ದಿ ಇವೆಲ್ಲ ಮೀನಿನವರೆಗೆ ಮುಟ್ಟುವುದು ತೀರಾ ಕಡಿಮೆ. ಆದರೆ ನೆಲ, ಸ್ಟ್ಯಾಂಡ್, ಗಾಜಿನ ಮೂಲಕ ಬರುವ ಅದುರಿಗೆ ಈ ತಡೆ ಇಲ್ಲ. ಅದು ನೇರವಾಗಿ ನೀರಿಗೆ ಇಳಿಯುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವ ಸದ್ದು ನೀರಿನಲ್ಲಿ ಸುಮಾರು 1,480 ಮೀಟರ್ ಹೋಗುತ್ತದೆ. ಕೆರೆಯ ಮೀನಾದರೆ ದೂರ ಓಡಿಹೋಗಬಹುದು. ಟ್ಯಾಂಕಿನ ಮೀನು ಎಲ್ಲಿಗೆ ಹೋಗಬೇಕು?

ಮೀನಿಗೆ ಕಿವಿ ಇದೆ. ಹೊರಗೆ ಕಾಣುವುದಿಲ್ಲ, ತಲೆಯೊಳಗಿದೆ. ಅದರಲ್ಲಿ ಪುಟ್ಟ ಕಲ್ಲಿನಂಥ ತುಣುಕುಗಳಿರುತ್ತವೆ. ನೀರು ಅದುರಿದಾಗ ಮೀನಿನ ಮೈಯೂ ಅದರ ಜೊತೆಗೇ ಅದುರುತ್ತದೆ. ಭಾರವಾದ ಆ ಕಲ್ಲು ಮಾತ್ರ ಒಂಚೂರು ಹಿಂದೆ ಬೀಳುತ್ತದೆ. ಆ ಅಂತರವನ್ನು ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಕೋಶಗಳು ಹಿಡಿದು ಮಿದುಳಿಗೆ ತಿಳಿಸುತ್ತವೆ. ಇದಲ್ಲದೆ ಮೀನಿನ ಪಕ್ಕೆಯುದ್ದಕ್ಕೂ ಚುಕ್ಕಿ ಸಾಲಿನಂಥ ಒಂದು ಗೆರೆ ಇರುತ್ತದೆ. ಹತ್ತಿರದ ನೀರು ಮೆಲ್ಲಗೆ ಅಲುಗಿದರೂ, ಮುಖ್ಯವಾಗಿ 200 ಹರ್ಟ್ಸ್‌ಗಿಂತ (ಸೆಕೆಂಡಿಗೆ 200 ಸಲಕ್ಕಿಂತ) ಕೆಳಗಿನ ಅದುರಾದರೆ, ಅದಕ್ಕೆ ಗೊತ್ತಾಗುತ್ತದೆ. ಮೀನು ಕಿವುಡು ಎಂದು ಬಹಳ ಜನ ನಂಬಿದ್ದ ಕಾಲದಲ್ಲಿ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಕಣ್ಣಿಲ್ಲದ ಕ್ಯಾಟ್‌ಫಿಶ್ ಒಂದಕ್ಕೆ ಸೀಟಿ ಹಾಕಿ ತಿಂಡಿ ಕೊಡುವ ಅಭ್ಯಾಸ ಮಾಡಿಸಿದ್ದರು. ಆಮೇಲೆ ಬರೀ ಸೀಟಿ ಕೇಳಿದರೂ ಅದು ಬರುತ್ತಿತ್ತು. ಆ ಪ್ರಯೋಗದ ವಿವರವನ್ನು ಅವರು 1923ರಲ್ಲಿ ಪ್ರಕಟಿಸಿದರು.

ಎಲ್ಲ ಮೀನಿಗೂ ಒಂದೇ ಥರ ಕೇಳಿಸುವುದಿಲ್ಲ. ಗೋಲ್ಡ್ ಫಿಶ್, ಕೊಯ್, ಬಾರ್ಬ್, ಟೆಟ್ರಾ, ಡ್ಯಾನಿಯೊ, ಲೋಚ್, ಕ್ಯಾಟ್‌ಫಿಶ್‌ಗಳಲ್ಲಿ ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ. ಹಾಗಾಗಿ ಇವುಗಳ ಕಿವಿ ಚುರುಕು. ಗೋಲ್ಡ್ ಫಿಶ್‌ಗೆ ಸುಮಾರು 3,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಬೆಟ್ಟಾ ಮತ್ತು ಗೌರಾಮಿಗಳ ತಲೆಯಲ್ಲಿ ಕಿವಿಯ ಹತ್ತಿರವೇ ಗಾಳಿ ತುಂಬಿದ ಗೂಡು ಇರುವುದರಿಂದ ಅವಕ್ಕೂ ಚೆನ್ನಾಗಿಯೇ ಕೇಳಿಸುತ್ತದೆ. ಗಪ್ಪಿ, ಏಂಜೆಲ್ ಮೀನುಗಳಿಗೆ ಆ ಮೂಳೆ ಸರಪಳಿ ಇಲ್ಲ. ಆದರೂ ತಗ್ಗಿನ ಸದ್ದು ಅವಕ್ಕೂ ತಟ್ಟುತ್ತದೆ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೋಲ್ಡ್ ಫಿಶ್‌ಗಳಿಗೆ ನೀರಿನೊಳಗೆ ಜೋರು ಸದ್ದು ಕೇಳಿಸಿದರು. 10 ನಿಮಿಷಕ್ಕೇ ಅವುಗಳ ಕಿವಿ ಮಂದವಾಯಿತು, ರಕ್ತದಲ್ಲಿ ಒತ್ತಡದ ಹಾರ್ಮೋನು ಸ್ವಲ್ಪ ಹೊತ್ತು ಏರಿತು. 21 ದಿನ ಸದ್ದು ಕೇಳಿದ ಮೀನುಗಳ ಕಿವಿ ಮೊದಲಿನಂತಾಗಲು 14 ದಿನ ಬೇಕಾಯಿತು. ಮನೆಯ ಪಂಪ್ ಅಷ್ಟು ಜೋರಿರುವುದಿಲ್ಲ, ಗಾಬರಿ ಬೇಡ. ಆದರೆ ಅದು 24 ಗಂಟೆ ನಡೆಯುತ್ತದೆ, ಅಲ್ವಾ? ಅದಕ್ಕೇ ಒಮ್ಮೆ ಕೂತು ಸರಿಮಾಡಿಬಿಡುವುದು ಒಳ್ಳೆಯದು.

ಮೊದಲು ಅದುರು ಎಲ್ಲಿದೆ ನೋಡಿ

ಮೊಬೈಲ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಇಲ್ಲಿ ಉಪಯೋಗವಿಲ್ಲ. ಅದು ಹೇಳುವುದು ಕೋಣೆಯ ಗಾಳಿಯ ಲೆಕ್ಕ. ನೀರಿನ ಡೆಸಿಬಲ್ ಲೆಕ್ಕವೇ ಬೇರೆ. ಅಂಗೈಯನ್ನು ಟ್ಯಾಂಕಿನ ಗಾಜಿನ ಮೇಲೆ, ಆಮೇಲೆ ಸ್ಟ್ಯಾಂಡಿನ ಮೇಲೆ ಒತ್ತಿ ಹಿಡಿಯಿರಿ. ಸಣ್ಣಗೆ ಜುಮ್ ಅನ್ನಿಸಿದರೆ ಮೀನಿಗೂ ಅದು ಮುಟ್ಟುತ್ತಿದೆ ಎಂದೇ ಲೆಕ್ಕ. ಕೈಗೆ ಸರಿಯಾಗಿ ತಿಳಿಯದಿದ್ದರೆ ಒಂದು ಲೋಟದ ತುಂಬ ನೀರು ತುಂಬಿ ಸ್ಟ್ಯಾಂಡಿನ ಮೇಲೆ, ಟ್ಯಾಂಕಿನ ಪಕ್ಕ ಇಡಿ. ದೀಪದ ಬಿಂಬ ಆ ನೀರಿನ ಮೇಲೆ ಬೀಳುವಂತೆ ಓರೆಯಾಗಿ ಬಗ್ಗಿ ನೋಡಿ. ಅದುರಿದ್ದರೆ ಬಿಂಬದ ಅಂಚು ನಿಲ್ಲುವುದಿಲ್ಲ, ಹರಿದಂತೆ ನಡುಗುತ್ತಿರುತ್ತದೆ. ಈಗ ಏರ್ ಪಂಪ್ ಆಫ್ ಮಾಡಿ. ಬಿಂಬ ನಿಂತಿತೇ? ಇಲ್ಲವಾದರೆ ಫಿಲ್ಟರ್ ಆಫ್ ಮಾಡಿ. ಹೀಗೆ ಒಂದೊಂದಾಗಿ ನಿಲ್ಲಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಫಿಲ್ಟರನ್ನು ಕೆಲವೇ ನಿಮಿಷ ನಿಲ್ಲಿಸಿದರೆ ಸಾಕು. ಅದರೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು, ಮರೆತು ಗಂಟೆಗಟ್ಟಲೆ ಬಿಡಬೇಡಿ.

ಏರ್ ಪಂಪ್‌ಗೆ ಮೆತ್ತೆ

ಬಹುಪಾಲು ಮನೆಗಳಲ್ಲಿ ಸಿಕ್ಕಿಬೀಳುವುದು ಇದೇ. ಪಂಪಿನೊಳಗಿನ ರಬ್ಬರ್ ಪೊರೆ ಕರೆಂಟಿನ ಲಯಕ್ಕೆ ತಕ್ಕಂತೆ ಸೆಕೆಂಡಿಗೆ 50 ಅಥವಾ 60 ಸಲ ಬಡಿಯುತ್ತದೆ. ಮೀನಿನ ಕಿವಿಗೂ ಪಕ್ಕೆಯ ಗೆರೆಗೂ ಚೆನ್ನಾಗಿ ತಿಳಿಯುವ ಸದ್ದು ಇದು. ಪಂಪನ್ನು ಸ್ಟ್ಯಾಂಡಿನಿಂದ ತೆಗೆದು ಬೇರೆ ಕಪಾಟಿನ ಮೇಲೆ, ದಪ್ಪ ಸ್ಪಂಜಿನ ಮೇಲೆ ಇಡಿ. ಇಲ್ಲವೇ ಗೋಡೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿ, ಗೋಡೆಗೆ ತಾಗದಿರಲಿ. ಗಾಳಿ ಪೈಪ್ ಗಾಜಿಗೆ ಒತ್ತಿ ಬಿಗಿಯಾಗಿದ್ದರೆ ಅದರಿಂದಲೂ ಅದುರು ಹರಿಯುತ್ತದೆ. ಸ್ವಲ್ಪ ಸಡಿಲ ಬಿಡಿ.

ಜಾಗ ಬದಲಿಸುವಾಗ ಒಂದು ಎಚ್ಚರ: ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಹರಿದು ಪಂಪಿಗೆ ನುಗ್ಗಬಹುದು. ಮೇಲೆ ಇಡಿ, ಇಲ್ಲವೇ ಪೈಪಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಾಕಿ.

ಹೊಸದಾಗಿದ್ದಾಗ ಸುಮ್ಮನಿದ್ದ ಪಂಪ್ ಈಗೀಗ ಕಿರುಚುತ್ತಿದೆಯಾ? ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು, ಅಂದರೆ ಏರ್ ಸ್ಟೋನ್ ಕಟ್ಟಿಕೊಂಡಿರಬಹುದು. ಅದನ್ನು ತೆಗೆದು ಪಂಪ್ ಓಡಿಸಿ ನೋಡಿ. ಸದ್ದು ತಗ್ಗಿದರೆ ಹೊಸ ಕಲ್ಲು ಹಾಕಿ, ಪಂಪ್ ಬದಲಿಸುವ ಖರ್ಚು ಉಳಿಯುತ್ತದೆ.

ಫಿಲ್ಟರ್

ಗರಗರ ಅಂದರೆ ಸಾಮಾನ್ಯವಾಗಿ ನೀರು ತಳ್ಳುವ ಪುಟ್ಟ ಚಕ್ರ, ಅಂದರೆ ಇಂಪೆಲ್ಲರ್ ಕಾರಣ. ಪ್ಲಗ್ ಕಿತ್ತು, ಆಮೇಲೆ ಮಾತ್ರ ನೀರಿಗೆ ಕೈ ಹಾಕಿ. ಇಂಪೆಲ್ಲರ್ ಹೊರಗೆಳೆದು ಅದರ ಕಡ್ಡಿಗೆ ಸುತ್ತಿಕೊಂಡ ಗಿಡದ ನಾರು, ಕೂದಲು, ಮರಳಿನ ಕಣ ತೆಗೆಯಿರಿ. ಅದು ಕೂರುವ ಗುಂಡಿಯ ಲೋಳೆಯನ್ನು ಹಳೆ ಬ್ರಷ್‌ನಿಂದ ಉಜ್ಜಿ. ಸ್ಪಂಜನ್ನು ಟ್ಯಾಂಕಿನ ನೀರಿನಲ್ಲೇ ಹಿಂಡಿ, ನಲ್ಲಿಯ ಕ್ಲೋರಿನ್ ನೀರಿನಲ್ಲಿ ಬೇಡ. ಟ್ಯಾಂಕಿನಲ್ಲಿ ನೀರು ಇಳಿದಿದ್ದರೂ ಫಿಲ್ಟರ್ ಗಾಳಿ ಎಳೆದು ಕಟಕಟ ಅನ್ನುತ್ತದೆ. ಆಗ ನೀರು ಹಾಕಿದರೆ ಮುಗಿಯಿತು.

ಸ್ಪೀಕರ್, ಮ್ಯಾಟ್, ಗಾಜು ತಟ್ಟುವುದು

ಮಾತಿನ ಸದ್ದು ಬಿಡಿ, ತಗ್ಗಿನ ಸದ್ದಿನ ಸ್ಪೀಕರ್ ಆದ ಸಬ್‌ವೂಫರ್ ಮಾತ್ರ ಬೇರೆ ವಿಷಯ. ಅದರ ತಗ್ಗು ಬಡಿತ ನೆಲವನ್ನೇ ಅಲುಗಿಸುತ್ತದೆ. ಟ್ಯಾಂಕ್ ಇರುವ ಕಪಾಟಿನ ಮೇಲೆ ಸ್ಪೀಕರ್ ಇಡಲೇಬಾರದು. ಬೇರೆ ಗೋಡೆಯ ಬದಿಗೆ ಸರಿಸಿ, ಕೆಳಗೆ ದಪ್ಪ ಫೋಮ್ ಹಾಕಿ. ಮೀನಿಗೆ ಸಂಗೀತ ಹಾಕಿದರೆ ಖುಷಿ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಕೊಯ್ ಮೀನಿಗೆ ತರಬೇತಿ ಕೊಟ್ಟರೆ ಎರಡು ಬಗೆಯ ಸಂಗೀತವನ್ನು ಬೇರೆ ಮಾಡಿ ಗುರುತಿಸುತ್ತದೆ ಎಂಬುದು ನಿಜ. ಗುರುತಿಸುವುದು ಬೇರೆ, ಇಷ್ಟಪಡುವುದು ಬೇರೆ.

ಅದುರು ತಡೆಯಲು ಟ್ಯಾಂಕಿನ ಅಡಿಗೆ ಮ್ಯಾಟ್ ಹಾಕುವ ಯೋಚನೆ ಇದ್ದರೆ ಟ್ಯಾಂಕ್ ಖಾಲಿ ಇರುವಾಗ ಮಾತ್ರ. 100 ಲೀಟರ್ ಟ್ಯಾಂಕಿನಲ್ಲಿ ನೀರೇ 100 ಕೆಜಿ. ತುಂಬಿದ್ದನ್ನು ಎತ್ತಲು ಹೋದರೆ ಗಾಜಿನ ಅಂಟು ಬಿಡಬಹುದು.

ಗಾಜು ತಟ್ಟುವ ಮಕ್ಕಳಿಗೆ, ಅವರಿಗಿಂತ ಜಾಸ್ತಿ ತಟ್ಟುವ ನೆಂಟರಿಗೆ ಒಂದು ಮಾತು ಹೇಳಿಡಿ. ಒಂದೇ ಸಮನೆ ಇರುವ ಸದ್ದಿಗೆ ಮೀನು ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ತಟ್ಟನೆ ಬೀಳುವ ಪೆಟ್ಟಿಗೆ ಹೊಂದಿಕೊಳ್ಳುವುದು ಕಷ್ಟ. ಪೆಟ್ಟು ಬಿದ್ದ ಕ್ಷಣಕ್ಕೇ ಅದರ ಮೈ ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಕೆಲವೊಮ್ಮೆ ಎದುರಿನ ಗಾಜಿಗೇ ಹೋಗಿ ಬಡಿಯುತ್ತದೆ.

ಗೋಡೆ ಕೊರೆಯುವ ಕೆಲಸ ಇದ್ದರೆ

ಡ್ರಿಲ್ ಮಷಿನ್ ಬರುವ ದಿನ ಮುಚ್ಚಳ ಭದ್ರವಾಗಿ ಹಾಕಿ, ಬೆದರಿದ ಮೀನು ಹೊರಗೆ ಹಾರುತ್ತದೆ. ಟ್ಯಾಂಕಿನ ಲೈಟ್ ಆರಿಸಿ. ಅಡಗಲು ಗಿಡ, ಮಡಕೆ ಚೂರು ಏನಾದರೂ ಒಳಗಿರಲಿ. ಕೆಲಸ ನಡೆಯುವಾಗ ಆಹಾರ ಹಾಕಬೇಡಿ. ತಿನ್ನದೆ ಬಿಟ್ಟದ್ದು ಕೊಳೆತು ನೀರು ಕೆಡುತ್ತದೆ. ದೂಳು ಏಳುವ ಕೆಲಸವಾದರೆ ಏರ್ ಪಂಪನ್ನು ಬೇರೆ ಕೋಣೆಗೆ ಸಾಗಿಸಿ ಉದ್ದ ಪೈಪ್ ಹಾಕಿ. ಇಲ್ಲದಿದ್ದರೆ ಪಂಪ್ ಆ ದೂಳನ್ನೇ ಎಳೆದು ನೀರಿಗೆ ಊದುತ್ತದೆ.

ಸದ್ದು ನಿಂತ ಮೇಲೆ ಮೂಲೆ ಬಿಟ್ಟು ಬಂದು ತಿನ್ನಲು ಶುರು ಮಾಡಿದರೆ ಮೀನು ಸರಿಹೋಯಿತು ಎಂದರ್ಥ. ಎರಡು ಮೂರು ದಿನ ಕಳೆದರೂ ರೆಕ್ಕೆ ಮುದುರಿಕೊಂಡು, ಕಿವಿರು ಬೇಗಬೇಗ ಬಡಿಯುತ್ತಾ ಕೂತಿದ್ದರೆ ಸದ್ದಿನ ಮೇಲೆ ತಪ್ಪು ಹೊರಿಸಿ ಸುಮ್ನೆ ಕಾಯಬೇಡಿ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ ಏರಿದಾಗಲೂ ಮೀನು ಹೀಗೇ ಮಾಡುತ್ತದೆ. ಟೆಸ್ಟ್ ಕಿಟ್‌ನಿಂದ ನೀರು ಪರೀಕ್ಷಿಸಿ. ಅಮೋನಿಯಾ ಸೊನ್ನೆಗಿಂತ ಮೇಲಿದ್ದರೆ ಅಂದೇ ಸ್ವಲ್ಪ ನೀರು ಬದಲಿಸಿ.