ನಮ್ಮ ವಾಕಿಟಾಕಿಯಲ್ಲಿ ಐದೇ ಕೋಡ್

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸೆಕ್ಯೂರಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೂ ಮೊದಲು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದೆ. ಜಬಲ್ಪುರದಲ್ಲಿ ತರಬೇತಿ. ರೇಡಿಯೋದಲ್ಲಿ ಮಾತಾಡುವುದೂ ಒಂದು ಕಸುಬು ಅಂತ ಗೊತ್ತಾಗಿದ್ದು ಅಲ್ಲೇ.

ಆಸ್ಪತ್ರೆಗೆ ಸೇರಿದಾಗ ಪ್ರತಿ ಗಾರ್ಡ್ ಜೇಬಲ್ಲೂ ಒಂದು ಉದ್ದನೆಯ ಕೋಡ್ ಪಟ್ಟಿ ಇತ್ತು. ಟೆನ್ ಫೋರ್ (ಸರಿ, ಕೇಳಿಸಿತು), ಟೆನ್ ಟ್ವೆಂಟಿ (ಎಲ್ಲಿದ್ದೀಯ) ಅಂತ ಶುರುವಾಗಿ, ಊಟಕ್ಕೆ ಹೋಗುವುದಕ್ಕೂ ಒಂದು ನಂಬರ್. ಪೂರ್ತಿ ಪಟ್ಟಿ ಯಾರಿಗೂ ನೆನಪಿರಲಿಲ್ಲ. ನಮ್ಮ ಹುಡುಗರು ಕಲಬುರಗಿ, ರಾಯಚೂರು, ಒಡಿಶಾ, ಅಸ್ಸಾಂ ಕಡೆಯವರು. ಕನ್ನಡ, ಹಿಂದಿ ಬೆರೆಸಿ ಚೆನ್ನಾಗಿಯೇ ಮಾತಾಡುತ್ತಿದ್ದರು. ನಂಬರ್ ಬಂದ ಕೂಡಲೇ ತಡವರಿಸುತ್ತಿದ್ದರು.

ಈ ಟೆನ್ ಕೋಡ್ ಹುಟ್ಟಿದ್ದು ಅಮೆರಿಕದ ಪೊಲೀಸರಲ್ಲಿ. 1930ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯ ಪೊಲೀಸ್‌ನ ಚಾರ್ಲ್ಸ್ ಹಾಪರ್ ಇದನ್ನು ರೂಪಿಸಿದರು. ಆಗ ಚಾನೆಲ್‌ಗಳು ಕಡಿಮೆ, ಹಾಗಾಗಿ ಮಾತು ಚಿಕ್ಕದಿರಬೇಕಿತ್ತು. ಇನ್ನೊಂದು ತೊಂದರೆಯೂ ಇತ್ತು. ಗುಂಡಿ ಒತ್ತಿದ ಮೇಲೆ ಸೆಟ್ಟು ಪೂರ್ತಿ ಪವರ್‌ಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಆಡಿದ ಮೊದಲ ಪದ ಹೋಗಿಬಿಡುತ್ತಿತ್ತು. ಅದಕ್ಕೇ ಮುಂದೆ ಒಂದು 'ಟೆನ್' ಇಟ್ಟರು. ಅದು ಹೋದರೂ ನಷ್ಟವಿಲ್ಲ, ಹಿಂದೆ ಬರುವ ನಂಬರ್ ಉಳಿಯುತ್ತದೆ. ಎಂಥ ಒಳ್ಳೆ ಉಪಾಯ, ಅಲ್ವಾ?

ಈಗಿನ ಸೆಟ್ಟುಗಳಲ್ಲೂ ಮೊದಲ ಪದ ಕಳೆದುಹೋಗುವುದುಂಟು, ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಮೂಲಕ ಹೋಗುವಾಗ ಇನ್ನೂ ಜಾಸ್ತಿ. 'ಹಿಂದಿನ ಗೇಟ್ ಮುಚ್ಚಿ' ಅನ್ನುವುದರಲ್ಲಿ 'ಹಿಂದಿನ' ಹೋಗಿ, ಆಂಬುಲೆನ್ಸ್ ಬರುವ ಹೊತ್ತಿಗೆ ಮುಖ್ಯ ಗೇಟ್ ಮುಚ್ಚಿದರೆ ಏನು ಗತಿ? ಹಾಗಾಗಿ ಹೊಸ ಹುಡುಗರಿಗೆ ಕೋಡ್‌ಗಿಂತ ಮೊದಲು ಇದನ್ನು ಕಲಿಸುತ್ತೇನೆ. ಗುಂಡಿ ಒತ್ತು, ಒಂದು ಕ್ಷಣ ತಡಿ, ಆಮೇಲೆ ಮಾತಾಡು. ಯಾರನ್ನು ಕರೆಯುತ್ತೀಯೋ ಅವರ ಪಾಯಿಂಟ್ (ಕಾವಲಿನ ಜಾಗ) ಹೆಸರು ಮೊದಲು, ನಿನ್ನದು ಆಮೇಲೆ. ಮುಗಿದ ಮೇಲೆ 'ಓವರ್'. ಕೇಳಿಸಿಕೊಂಡವನು ಸುಮ್ನೆ 'ಓಕೆ' ಅಂದರೆ ಸಾಲದು, ಕೇಳಿದ್ದನ್ನು ತಿರುಗಿ ಹೇಳಬೇಕು.

ಹಳೇ ಪಟ್ಟಿ ತೆಗೆದು ಹಾಕುವಾಗ ಪ್ರತಿ ಕೋಡ್‌ಗೂ ಒಂದೇ ಪ್ರಶ್ನೆ ಹಾಕಿದೆ. ಇದನ್ನು ಬಿಚ್ಚು ಮಾತಲ್ಲಿ ಹೇಳಿದರೆ ಪಕ್ಕದಲ್ಲಿ ನಿಂತವರಿಗೆ ತೊಂದರೆ ಆಗುತ್ತದಾ? ಬಹುತೇಕ ಎಲ್ಲಕ್ಕೂ 'ಇಲ್ಲ' ಅನ್ನುವುದೇ ಉತ್ತರ. ಊಟ, ಪಾರ್ಕಿಂಗ್, ಕೆಟ್ಟ ಲಿಫ್ಟ್, ಇದಕ್ಕೆಲ್ಲ ಕೋಡ್ ಯಾಕೆ?

ಕೊನೆಗೆ ಐದು ಉಳಿದವು. ಮೂರು ಆಸ್ಪತ್ರೆಯವೇ. ಹೃದಯ ನಿಂತರೆ ಕೋಡ್ ಬ್ಲೂ, ಬೆಂಕಿಗೆ ಕೋಡ್ ರೆಡ್, ಮಗು ಕಾಣದಿದ್ದರೆ ಕೋಡ್ ಪಿಂಕ್. ಇವು ಡಾಕ್ಟರ್, ನರ್ಸ್ ಎಲ್ಲರಿಗೂ ಗೊತ್ತಿರುವುದರಿಂದ ಮುಟ್ಟಲಿಲ್ಲ. ಗಲಾಟೆಗೆ ಮಾತ್ರ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಬಣ್ಣ. ಬೇರೆ ಕಡೆ ಕೆಲಸ ಮಾಡಿ ಬಂದ ಗಾರ್ಡ್‌ಗೆ ಗೊಂದಲ ಆಗದಿರಲಿ ಅಂತ ಅದಕ್ಕೆ ಬಣ್ಣವೇ ಬೇಡ ಅಂದೆ. 'ಹಸಿರು ಫೈಲ್ ತನ್ನಿ' ಅಂತ ಮಾಡಿಕೊಂಡೆವು. ಕ್ಯಾಶುವಾಲ್ಟಿಯಲ್ಲಿ ಒಬ್ಬರು ಸಿಟ್ಟಿನಿಂದ ಡಾಕ್ಟರ ಮೇಲೆ ಏರಿಹೋಗುತ್ತಿರುವಾಗ 'ಗಲಾಟೆ, ಎಲ್ಲ ಬನ್ನಿ' ಅಂತ ಕೂಗಿದರೆ ಅವರ ಸಿಟ್ಟು ಇಳಿಯುತ್ತದಾ? ಫೈಲ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಬ್ಬರು ಬರುತ್ತಾರೆ, ಓಡದೆ ನಡೆದು ಬರುತ್ತಾರೆ. ವೈದ್ಯರ ಮೇಲಿನ ಹಲ್ಲೆಗೆ ನಮ್ಮ ರಾಜ್ಯದಲ್ಲಿ 2009ರ ಕಾನೂನೇ ಇದೆ. ಆದರೆ ಕೇಸ್ ಆಗುವ ಹಂತಕ್ಕೆ ಹೋಗದಂತೆ ತಡೆಯುವುದು ನಮ್ಮ ಕೆಲಸ.

ಐದನೆಯದು 'ಸರ್ವಿಸ್ ಲಿಫ್ಟ್ ಬೇಕು'. ವಾರ್ಡ್‌ನಲ್ಲಿ ಯಾರಾದರೂ ತೀರಿಕೊಂಡಾಗ, ಮಾರ್ಚರಿಗೆ ಹೋಗುವ ದಾರಿ ಖಾಲಿ ಮಾಡಿಸಲು. ಹಿಂದೆ ಸೆಟ್ಟಿನಲ್ಲಿ ಜೋರಾಗಿ 'ಬಾಡಿ ಇಳಿಯುತ್ತಿದೆ' ಅನ್ನುತ್ತಿದ್ದರು. ಪಕ್ಕದ ಬೆಂಚಲ್ಲಿ ಆ ಮನೆಯವರೇ ಕೂತಿರಬಹುದು. ಐಸಿಯುನಲ್ಲಿ ತಾಯಿಯನ್ನು ಬಿಟ್ಟು ಬಂದ ಬೇರೊಬ್ಬರು ಕೂತಿರಬಹುದು. ಆ ಸುದ್ದಿ ಡಾಕ್ಟರ ಬಾಯಿಂದ ಬರಬೇಕೇ ಹೊರತು ಗಾರ್ಡ್‌ನ ಸೊಂಟದಲ್ಲಿರುವ ಡಬ್ಬಿಯಿಂದಲ್ಲ. ಐದರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಕೋಡ್ ಇಟ್ಟುಕೊಂಡರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಸಾದಾ ಅನಲಾಗ್ ಸೆಟ್ಟಿನ ಮಾತನ್ನು ಅದೇ ಫ್ರೀಕ್ವೆನ್ಸಿಗೆ ಬಂದ ಯಾರು ಬೇಕಾದರೂ ಕೇಳಬಹುದು. ಕೆಲವು ಸೆಟ್ಟುಗಳ ಡಬ್ಬದ ಮೇಲೆ 'ಪ್ರೈವೆಸಿ ಕೋಡ್' ಅಂತ ಬರೆದಿರುತ್ತಾರೆ. ಅದು ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ ಅಷ್ಟೇ. ನಿಮ್ಮ ಮಾತು ಅವರಿಗೆ ಕೇಳುತ್ತಲೇ ಇರುತ್ತದೆ. ಗುಟ್ಟಾಗಿರಬೇಕಾದರೆ ಎನ್‌ಕ್ರಿಪ್ಷನ್, ಅಂದರೆ ಮಾತನ್ನು ಬೇರೆಯವರಿಗೆ ಅರ್ಥವಾಗದಂತೆ ಬದಲಿಸಿ ಕಳಿಸುವ ವ್ಯವಸ್ಥೆ, ಇರುವ ಡಿಜಿಟಲ್ ಸೆಟ್ಟೇ ಬೇಕು. ಹಾಗಾಗಿ ರೋಗಿಯ ಹೆಸರು, ಕಾಯಿಲೆ, ಹಣದ ವಿಷಯ ನಮ್ಮ ಸೆಟ್ಟಿನಲ್ಲಿ ಕೋಡ್ ಹಾಕಿಯೂ ಬರಕೂಡದು. ಇಂಟರ್‌ಕಾಮ್ ಇದೆಯಲ್ಲ, ಅದರಲ್ಲಿ ಹೇಳಲಿ. ವೆಂಟಿಲೇಟರ್‌ನಂಥ ಯಂತ್ರಗಳ ಹತ್ತಿರ ಸೆಟ್ಟಿನ ಗುಂಡಿ ಒತ್ತುವುದೂ ಒಳ್ಳೆಯದಲ್ಲ. ಐಸಿಯು ಬಾಗಿಲಿಂದ ದೂರ ಬಂದೇ ಮಾತಾಡಬೇಕು.

ಒಂದು ಸಂಜೆ ಮಕ್ಕಳ ವಾರ್ಡ್‌ನಿಂದ ಕೋಡ್ ಪಿಂಕ್ ಬಂತು. ಕೋಡ್ ಅಷ್ಟಕ್ಕೇ ನಿಂತಿತು. ಮುಂದಿನದೆಲ್ಲ ಬಿಚ್ಚು ಮಾತು: 'ಮೂರು ವರ್ಷದ ಹೆಣ್ಣು ಮಗು, ಹಳದಿ ಫ್ರಾಕ್, ಕೈಯಲ್ಲಿ ಆಸ್ಪತ್ರೆ ಬ್ಯಾಂಡ್, ಚಪ್ಪಲಿ ಇಲ್ಲ.' ಪ್ರತಿ ಗೇಟ್‌ನವನೂ ಅದನ್ನು ತಿರುಗಿ ಹೇಳಿದ. ಮಗು ಬೇರೆ ಮಹಡಿಯ ಕ್ಯಾಂಟೀನ್ ಹತ್ತಿರ, ತನ್ನ ಅಜ್ಜಿಯನ್ನು ಹುಡುಕುತ್ತಾ ನಿಂತಿತ್ತು. ಗುರುತಿಸಿದ್ದು ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ. ಹಳದಿ ಫ್ರಾಕ್ ಅನ್ನುವುದನ್ನೂ ಒಂದು ನಂಬರ್ ಮಾಡಿದ್ದರೆ ಅವನಿಗೆ ಹೇಗೆ ಗೊತ್ತಾಗುತ್ತಿತ್ತು?

ಕೋಡ್‌ನಿಂದ ಅಮೆರಿಕದಲ್ಲೂ ಗೊಂದಲ ಆಯಿತು. ಒಂದೊಂದು ಇಲಾಖೆ ಅದೇ ಟೆನ್ ಕೋಡ್‌ಗೆ ಬೇರೆ ಬೇರೆ ಅರ್ಥ ಕೊಟ್ಟುಕೊಂಡಿತು. 2001ರ ಸೆಪ್ಟೆಂಬರ್ 11ರ ದಾಳಿ, 2005ರ ಕತ್ರಿನಾ ಚಂಡಮಾರುತದ ಹೊತ್ತಿಗೆ ಹಲವು ಇಲಾಖೆಗಳು ಕೂಡಿ ಕೆಲಸ ಮಾಡುವಾಗಿನ ಕಷ್ಟ ಎದ್ದು ಕಂಡಿತು. ಬೇರೆ ಇಲಾಖೆಗಳ ಜೊತೆ ಸೇರುವಾಗ ಸಾದಾ ಭಾಷೆಯನ್ನೇ ಬಳಸಬೇಕು ಅಂತ ಅಲ್ಲಿನ ಕೇಂದ್ರ ಸರ್ಕಾರ 2006ರಿಂದ ಅನುದಾನಕ್ಕೇ ಷರತ್ತು ಹಾಕಿತು.

ನಮ್ಮಲ್ಲೂ 112ಕ್ಕೆ ಫೋನ್ ಹೋಗಿ ಹೊಯ್ಸಳ ಗಾಡಿ ಬಂದರೆ, ಅಥವಾ ಫೈರ್ ಸರ್ವಿಸ್‌ನವರು ಬಂದರೆ, ಆ ಕ್ಷಣದಿಂದ ಅವರ ಎದುರು ನಮ್ಮ ಕೋಡ್ ಬಂದ್. ಅವರಿಗೆ ಹಸಿರು ಫೈಲ್ ಏನು ಗೊತ್ತು? ಗಾಡಿ ನಂಬರ್ ಹೇಳುವಾಗ ಮಾತ್ರ ಎಗೆ ಆಲ್ಫಾ, ಬಿಗೆ ಬ್ರಾವೋ ಅಂತ ಅಕ್ಷರಕ್ಕೊಂದು ಪದ ಬೇಕೇ ಬೇಕು. ಸೆಟ್ಟಿನಲ್ಲಿ ಬಿ, ಡಿ, ಪಿ ಒಂದೇ ಥರ ಕೇಳುತ್ತವೆ. ಫೈವ್, ನೈನ್ ಕೂಡ ಹಾಗೇ, ಅದಕ್ಕೇ ಪಳಗಿದವರು ನೈನ್‌ಗೆ 'ನೈನರ್' ಅನ್ನುವುದು. ಇದನ್ನು ಕ್ಲಾಸಲ್ಲಿ ಕಲಿಸಿದರೆ ತಲೆಗೆ ಹತ್ತುವುದಿಲ್ಲ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಒಳಗೆ ಬರುವ ಪ್ರತಿ ಕಾರಿನ ನಂಬರ್ ಓದಿಸುತ್ತೇನೆ: ಕಿಲೋ ಆಲ್ಫಾ, ಝೀರೋ ಫೈವ್, ಮೈಕ್ ಬ್ರಾವೋ. ಒಂದು ಶಿಫ್ಟ್ ಮುಗಿಯುವಷ್ಟರಲ್ಲಿ ಬಾಯಿಗೆ ಬಂದಿರುತ್ತದೆ.

ಸದ್ಯ ನನ್ನ ತಲೆನೋವು ಕೆಳಗಿನ ಬೇಸ್‌ಮೆಂಟ್. ದಪ್ಪ ಕಾಂಕ್ರೀಟ್, ಪಕ್ಕದಲ್ಲಿ ಸೀಸದ ಹೊದಿಕೆಯ ಎಕ್ಸ್‌ರೇ ಕೋಣೆ. ಅಲ್ಲಿಂದ ಕಂಟ್ರೋಲ್‌ಗೆ ಮಾತು ತಲುಪುವುದಿಲ್ಲ. ಇನ್ನೊಂದು ರಿಪೀಟರ್ ಕೇಳಿದ್ದೇನೆ. ಅದು ಬರುವ ತನಕ ಮೆಟ್ಟಿಲ ಬುಡದಲ್ಲಿ ಒಬ್ಬನನ್ನು ನಿಲ್ಲಿಸಿದ್ದೇನೆ. ಕೆಳಗಿನವನು ಹೇಳಿದ್ದನ್ನು ಅವನು ಹಾಗೆಯೇ ಮೇಲಕ್ಕೆ ದಾಟಿಸುತ್ತಾನೆ.