ಹೂ ಮುಗಿದ ಮೇಲಿನ ವಾರಗಳು: ಚಳಿ ಪ್ರದೇಶದಲ್ಲಿ ಐರಿಸ್ ಬೆಳೆಸಿದ ನನ್ನ ಅನುಭವ

ನಾನು ಐರಿಸ್ ಬೆಳೆಸುವ ತೋಟದಲ್ಲಿ ಮಣ್ಣಿನ ಹೆಪ್ಪು ಬಿಡುವುದು ಏಪ್ರಿಲ್ ಕೊನೆಗೆ. ನೀರು ಹೆಪ್ಪುಗಟ್ಟುವಂಥ ರಾತ್ರಿಗಳು ಜೂನ್ ಮೊದಲ ವಾರದವರೆಗೂ ಬರುತ್ತವೆ, ಸೆಪ್ಟೆಂಬರ್ ಎರಡನೆಯ ವಾರಕ್ಕೆ ಮತ್ತೆ ಆರಂಭವಾಗುತ್ತವೆ. ಗಿಡ ನಿಶ್ಚಿಂತೆಯಿಂದ ಬೆಳೆಯಲು ಸಿಗುವುದು ಸುಮಾರು ನೂರು ದಿನ ಮಾತ್ರ. ಚಳಿಗಾಲದ ಕಡು ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುತ್ತದೆ. ಇಂಥಲ್ಲಿ ಐರಿಸ್ ಬದುಕೀತೇ ಎಂದು ಕೇಳುವವರೆಲ್ಲ ಆ 35ರ ಅಂಕಿಯ ಬಗ್ಗೆಯೇ ಯೋಚಿಸುತ್ತಾರೆ. ನಾನು ಲೆಕ್ಕ ಹಾಕುವುದು ಬೇರೆಯದನ್ನು: ಹೂ ಬಾಡಿದ ದಿನದಿಂದ ನೆಲ ಕಲ್ಲಾಗುವವರೆಗೆ ಗಿಡಕ್ಕೆ ಎಷ್ಟು ವಾರಗಳು ದಕ್ಕುತ್ತವೆ ಎಂಬುದನ್ನು.

ಇದಕ್ಕೆ ಕಾರಣ ಗೆಡ್ಡೆಯ ಸ್ವಭಾವದಲ್ಲಿದೆ. ಕೆಳಕ್ಕೆ ಬಾಗಿದ ದಳಗಳ ಮೇಲೆ ರೋಮಗಳ ಸಾಲು ಹೊತ್ತಿರುವ ಗಡ್ಡದ ಐರಿಸ್‌ಗಳು ಶುಂಠಿಯಂತೆ ಅಡ್ಡಡ್ಡ ಹರಡುವ ಗೆಡ್ಡೆಯಿಂದ ಬೆಳೆಯುತ್ತವೆ. ಒಮ್ಮೆ ಹೂದಂಡು ಕೊಟ್ಟ ಗೆಡ್ಡೆ ಮತ್ತೆಂದೂ ಹೂ ಬಿಡುವುದಿಲ್ಲ. ಅದರ ಇಕ್ಕೆಲಗಳಿಂದ ಹೊರಡುವ ಹಿಳ್ಳುಗಳು ಬೆಳೆದು ಬಲಿತು, ಮರುವರ್ಷ ಹೂ ಬಿಡಬೇಕು. ಹೂ ಮುಗಿಯುತ್ತಿದ್ದಂತೆ ಈ ಹಿಳ್ಳುಗಳು ಹೊಸ ಬೇರುಗಳನ್ನು ಇಳಿಸುತ್ತವೆ, ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಡುತ್ತವೆ. ಸೌಮ್ಯ ಹವೆಯ ಪ್ರದೇಶದಲ್ಲಿ ಈ ಕೆಲಸಕ್ಕೆ ನಾಲ್ಕೈದು ತಿಂಗಳು ಸಿಗುತ್ತದೆ. ನಮ್ಮಂಥಲ್ಲಿ ಎತ್ತರದ ತಳಿಗಳು ಜೂನ್ ಕೊನೆಗೆ ಅರಳಿ ಜುಲೈ ಮೊದಲಲ್ಲಿ ಮುಗಿಯುವುದರಿಂದ ಎರಡು ತಿಂಗಳಿಗಿಂತ ಸ್ವಲ್ಪವೇ ಹೆಚ್ಚು ಸಮಯ ಉಳಿಯುತ್ತದೆ. ಆ ಅವಧಿಯಲ್ಲಿ ದಪ್ಪವಾಗದ ಹಿಳ್ಳು ಚಳಿಗಾಲವನ್ನು ದಾಟಿದರೂ ಮುಂದಿನ ವರ್ಷ ಬರೀ ಎಲೆಯನ್ನೇ ಕೊಡುತ್ತದೆ. ಗಿಡ ಬದುಕಿದೆ, ಆದರೆ ಹೂವಿಲ್ಲ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇರುತ್ತದೆ.

ಆದ್ದರಿಂದ ನಾಟಿಯ ದಿನಾಂಕದ ವಿಷಯದಲ್ಲಿ ನಾನು ತೀರ ಕಟ್ಟುನಿಟ್ಟು. ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ ಆರು ವಾರ ಮೊದಲು ಗೆಡ್ಡೆ ಮಣ್ಣಿನಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ನಾನು ಎಂಟು ವಾರಕ್ಕಿಂತ ಕಡಿಮೆ ಬಿಡುವುದಿಲ್ಲ. ಜುಲೈ ಮೂರನೆಯ ವಾರದಿಂದ ಆಗಸ್ಟ್ ಮೊದಲ ವಾರದೊಳಗೆ ಎಲ್ಲ ನಾಟಿಯನ್ನೂ ಮುಗಿಸುತ್ತೇನೆ. ಮಾರಾಟಗಾರರು ತಮ್ಮ ಅನುಕೂಲಕ್ಕೆ ತಕ್ಕಂತೆ ಸೆಪ್ಟೆಂಬರ್‌ನಲ್ಲಿ ಕಳಿಸುವ ಗೆಡ್ಡೆಗಳು ಎಷ್ಟೇ ಚೆನ್ನಾಗಿದ್ದರೂ ಅವನ್ನು ಆಗ ನೆಲಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ. ಹಾಗೆ ತಡವಾಗಿ ಬಂದವನ್ನು ಕುಂಡದಲ್ಲಿ ನೆಟ್ಟು, ಸೊನ್ನೆಗಿಂತ ಸ್ವಲ್ಪ ಮೇಲಿನ ಉಷ್ಣಾಂಶವಿರುವ ನೆಲಮಾಳಿಗೆಯಲ್ಲಿ, ಮಣ್ಣು ಹೆಚ್ಚುಕಡಿಮೆ ಒಣಗಿರುವಂತೆ ಇಟ್ಟು ವಸಂತದಲ್ಲಿ ಹೊರಗೆ ನೆಡುವುದು ಲೇಸು.

ಬೇರು ಸರಿಯಾಗಿ ಇಳಿಯದ ಗೆಡ್ಡೆಗೆ ಎದುರಾಗುವ ಅಪಾಯ ಚಳಿಗಿಂತ ಹೆಚ್ಚಾಗಿ ನೆಲದ ಉಬ್ಬರದಿಂದ ಬರುತ್ತದೆ. ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಮೇಲ್ಮಣ್ಣು ಏಳುತ್ತದೆ, ಕರಗಿದಾಗ ಕುಸಿಯುತ್ತದೆ. ಇದು ಹಲವು ಸಲ ಮರುಕಳಿಸಿದರೆ ಗೆಡ್ಡೆ ಮಣ್ಣಿನಿಂದ ಕಿತ್ತು ಮೇಲೆ ಬಂದು ಬೇರುಗಳೆಲ್ಲ ಗಾಳಿಗೆ ತೆರೆದುಕೊಳ್ಳುತ್ತವೆ. ಮೊದಲ ವರ್ಷದ ಪ್ರತಿ ಗೆಡ್ಡೆಯ ಮೇಲೆ ಅಕ್ಟೋಬರ್ ಕೊನೆಯಲ್ಲಿ ಅಂಗೈ ಅಗಲದ ಚಪ್ಪಟೆ ಕಲ್ಲೊಂದನ್ನು ಇಡುವ ರೂಢಿಯನ್ನು ನಾನು ಮಾಡಿಕೊಂಡಿದ್ದೇನೆ. ನೋಡುವವರಿಗೆ ಇದು ತಮಾಷೆಯಾಗಿ ಕಾಣುತ್ತದೆ, ಆದರೆ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಪ್ರಯೋಜನ ಕೊಡುವ ಇನ್ನೊಂದು ಉಪಾಯ ನನಗೆ ಸಿಕ್ಕಿಲ್ಲ. ಆಳದ ವಿಷಯದಲ್ಲೂ ಚಳಿ ಪ್ರದೇಶಕ್ಕೆ ಒಂದು ತಿದ್ದುಪಡಿ ಬೇಕು. ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವಂತೆ ನೆಡಬೇಕೆಂದು ಎಲ್ಲೆಡೆ ಹೇಳುತ್ತಾರೆ. ಜೇಡಿಮಣ್ಣಿನಲ್ಲಿ ನಾನೂ ಹಾಗೆಯೇ ನೆಡುತ್ತೇನೆ, ಮರಳು ಬೆರೆತ ಹಗುರ ಮಣ್ಣಿನಲ್ಲಿ ಮಾತ್ರ ಒಂದೆರಡು ಸೆಂಟಿಮೀಟರ್ ಮಣ್ಣನ್ನು ಮೇಲೆ ಎಳೆಯುತ್ತೇನೆ.

ಇನ್ನು ತಳಿಯ ಆಯ್ಕೆ. ಕ್ಯಾಟಲಾಗಿನ ಚಿತ್ರ ನೋಡಿ ಬಣ್ಣಕ್ಕೆ ಮರುಳಾಗುವ ಮೊದಲು ತಳಿಯ ವಂಶವನ್ನು ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಎತ್ತರದ ಐರಿಸ್‌ಗಳು ಮುಖ್ಯವಾಗಿ ಯುರೋಪಿನ ಎರಡು ಪ್ರಭೇದಗಳಿಂದ, ಐರಿಸ್ ಪ್ಯಾಲಿಡಾ ಮತ್ತು ಐರಿಸ್ ವೇರಿಯಗೇಟಾಗಳಿಂದ, ಹುಟ್ಟಿದವು. ಇವುಗಳ ಜೀವಕೋಶದಲ್ಲಿ 24 ವರ್ಣತಂತುಗಳು. ಆ ಶತಮಾನದ ಕೊನೆಗೆ ಕೇಂಬ್ರಿಡ್ಜಿನ ಶರೀರಕ್ರಿಯಾ ವಿಜ್ಞಾನಿ ಮೈಕೆಲ್ ಫಾಸ್ಟರ್ ಮೊದಲಾದವರು ಏಷ್ಯಾ ಮೈನರ್ ಕಡೆಯಿಂದ 48 ವರ್ಣತಂತುಗಳ ದೊಡ್ಡ ಹೂವಿನ ಗಿಡಗಳನ್ನು ತರಿಸಿ ಸಂಕರ ಮಾಡತೊಡಗಿದರು. ಇಂದು ನಾವು ಮೆಚ್ಚುವ ಅಗಲ ದಳ, ದಪ್ಪ ಹೂದಂಡು, ಕವಲುಗಳೆಲ್ಲ ಆ ಬೆರಕೆಯ ಕೊಡುಗೆ. ಆದರೆ ಆ ಗಿಡಗಳು ಮಂದ ಚಳಿಗಾಲದ ನೆಲದವು. ಅಲ್ಲಿ ಶರತ್ಕಾಲದ ಮಳೆಗೆ ಚಿಗುರಿ ಚಳಿಗಾಲದಲ್ಲೂ ಹಸಿರಾಗಿರುವುದೇ ಅವುಗಳ ಕ್ರಮ. ಆ ಸ್ವಭಾವ ಹೆಚ್ಚಾಗಿ ಉಳಿದಿರುವ ತಳಿ ನಮ್ಮಲ್ಲಿ ಅಕ್ಟೋಬರ್‌ನ ಬೆಚ್ಚನೆಯ ವಾರವೊಂದಕ್ಕೆ ಮೋಸಹೋಗಿ ಎಳೆ ಎಲೆ ಬಿಟ್ಟು, ನವೆಂಬರ್‌ನಲ್ಲಿ ಅದನ್ನು ಕಳೆದುಕೊಳ್ಳುತ್ತದೆ. ಎತ್ತರದ ತಳಿಗಳಲ್ಲಿ ಗಟ್ಟಿಮುಟ್ಟಾದವೂ ಇವೆ, ಮೆದುವಾದವೂ ಇವೆ. ಯಾವುದು ಯಾವುದೆಂದು ಹೆಸರಿನಿಂದ ತಿಳಿಯದು, ಅದೇ ಹವೆಯಲ್ಲಿ ಬೆಳೆಸಿದವರ ಬಾಯಿಂದಲೇ ಕೇಳಿ ತಿಳಿಯಬೇಕು.

ಕುಳ್ಳ ತಳಿಗಳ ಕಥೆ ಇದಕ್ಕಿಂತ ಸಮಾಧಾನಕರ. ಪೂರ್ವ ಯುರೋಪಿನಿಂದ ರಷ್ಯಾದ ಹುಲ್ಲುಗಾವಲಿನವರೆಗೆ ಬೆಳೆಯುವ ಐರಿಸ್ ಪ್ಯುಮಿಲಾ ಎಂಬ ಪುಟ್ಟ ಪ್ರಭೇದವನ್ನು ಎತ್ತರದ ತಳಿಗಳೊಡನೆ ಕೂಡಿಸಿ ಅಮೆರಿಕದ ಪಾಲ್ ಕುಕ್ 1950ರ ದಶಕದ ಆರಂಭದಲ್ಲಿ ಹೊರತಂದ ಸಂಕರಗಳು ಇಂದಿನ ಕುಳ್ಳ ಐರಿಸ್‌ಗಳಿಗೆ ಮೂಲವಾದವು. ಇವು 20ರಿಂದ 40 ಸೆಂಟಿಮೀಟರ್ ಎತ್ತರದವು. ಹುಲ್ಲುಗಾವಲಿನ ಒಣ ಚಳಿಯನ್ನು ತಾಳಿಕೊಳ್ಳುವ ಗುಣ ಇವಕ್ಕೆ ರಕ್ತಗತ. ಅದಕ್ಕಿಂತ ಮುಖ್ಯವಾಗಿ, ಎತ್ತರದವಕ್ಕಿಂತ ಸುಮಾರು ಮೂರ್ನಾಲ್ಕು ವಾರ ಮೊದಲೇ ಇವು ಅರಳಿ ಮುಗಿಯುತ್ತವೆ, ಎಂದರೆ ಹಿಳ್ಳು ಬಲಿಯಲು ಅಷ್ಟು ವಾರಗಳು ಹೆಚ್ಚು ಸಿಕ್ಕಂತಾಯಿತು. ನನ್ನ ಮಡಿಗಳಲ್ಲಿ ವರ್ಷ ತಪ್ಪದೆ ಹೂ ಕೊಡುವವು ಇವೇ. ಎತ್ತರದ ಐರಿಸ್‌ನ ವೈಭವ ಇವಕ್ಕಿಲ್ಲವೆಂಬುದನ್ನು ಒಪ್ಪುತ್ತೇನೆ, ಆದರೆ ಮೂರು ವರ್ಷಕ್ಕೊಮ್ಮೆ ಬರುವ ವೈಭವಕ್ಕಾಗಿ ಕಾಯುವ ತಾಳ್ಮೆ ನನಗಿಲ್ಲ.

ಗಡ್ಡವಿಲ್ಲದ ಗುಂಪಿನಲ್ಲಿ ಸೈಬೀರಿಯನ್ ಐರಿಸ್‌ಗಳಿಗೆ ಮೊದಲ ಸ್ಥಾನ. ಐರಿಸ್ ಸಿಬಿರಿಕಾ ಮತ್ತು ಐರಿಸ್ ಸಾಂಗ್ವಿನಿಯಾಗಳಿಂದ ಬಂದ, 28 ವರ್ಣತಂತುಗಳ ತಳಿಗಳು ಯಾವ ಮುಚ್ಚಿಗೆಯೂ ಇಲ್ಲದೆ ಕಡು ಚಳಿಯನ್ನು ದಾಟುತ್ತವೆ. ಮಾಂಟ್ರಿಯಲ್‌ನ ಕ್ಲೀವ್‌ಲೆಂಡ್ ಮಾರ್ಗನ್ 1930ರ ದಶಕದ ಆರಂಭದಲ್ಲಿ ರೂಪಿಸಿದ ‘ಸೀಸರ್ಸ್ ಬ್ರದರ್’ ಎಂಬ ಕಡುನೇರಳೆ ತಳಿ ಇಂದಿಗೂ ಚಳಿ ಪ್ರದೇಶದ ತೋಟಗಳಲ್ಲಿ ಕಾಣಸಿಗುತ್ತದೆ. ಸೈಬೀರಿಯನ್ ಎಂಬ ಹೆಸರಿನಡಿಯೇ ಮಾರುವ, ಹಿಮಾಲಯ ಮತ್ತು ನೈಋತ್ಯ ಚೀನಾ ಮೂಲದ 40 ವರ್ಣತಂತುಗಳ ಇನ್ನೊಂದು ಗುಂಪೂ ಇದೆ. ಅದು ತಂಪಾದ ಬೇಸಿಗೆಯನ್ನು ಬಯಸಿದರೂ ನಮ್ಮಷ್ಟು ಚಳಿಯನ್ನು ತಾಳದು, ಆದ್ದರಿಂದ ಕೊಳ್ಳುವಾಗ ಯಾವ ಗುಂಪೆಂದು ವಿಚಾರಿಸಬೇಕು. ಉತ್ತರ ಅಮೆರಿಕದ ಐರಿಸ್ ವರ್ಸಿಕಲರ್, ಅಲಾಸ್ಕಾದವರೆಗೂ ಕಾಡಿನಲ್ಲಿ ಬೆಳೆಯುವ ಐರಿಸ್ ಸೆಟೋಸಾ ಇವೆರಡೂ ಅಷ್ಟೇ ಗಟ್ಟಿ. ಅಂಕಿಅಂಶ ವಿಜ್ಞಾನ ಓದಿದವರಿಗೆ ಈ ಹೆಸರುಗಳು ಪರಿಚಿತವಾಗಿರಬೇಕು: ರೊನಾಲ್ಡ್ ಫಿಷರ್ 1936ರಲ್ಲಿ ಪ್ರಕಟಿಸಿದ, ಈಗಲೂ ಕಂಪ್ಯೂಟರ್ ಪಾಠಗಳಲ್ಲಿ ಬಳಸುವ 150 ಹೂಗಳ ಅಳತೆಗಳಲ್ಲಿ ಇವೆರಡೂ ಇವೆ. ನಮ್ಮಂಥ ತೋಟಗಾರರಿಗೆ ಅವು ಬೇರೆ ಕಾರಣಕ್ಕೆ ಪ್ರಿಯ, ತಗ್ಗಿನ ಜೌಗು ಮೂಲೆಯಲ್ಲೂ ಸುಮ್ಮನೆ ಬೆಳೆಯುತ್ತವೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಡ್ಡದ ಐರಿಸ್‌ಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು, ನೀರು ನಿಲ್ಲದ ನೆಲ, ತಟಸ್ಥಕ್ಕೆ ಹತ್ತಿರವಾದ ರಸಸಾರ ಬೇಕು. ನಾನು ಸುತ್ತಲಿನ ನೆಲಕ್ಕಿಂತ 20 ಸೆಂಟಿಮೀಟರ್ ಎತ್ತರದ ಏರು ಮಡಿಗಳನ್ನು ಮಾಡಿಕೊಂಡಿದ್ದೇನೆ. ವಸಂತದಲ್ಲಿ ಮೇಲಿನ ಮಣ್ಣು ಕರಗಿ ಕೆಳಗಿನದು ಇನ್ನೂ ಹೆಪ್ಪಾಗಿರುವ ದಿನಗಳಲ್ಲಿ ಕರಗಿದ ನೀರಿಗೆ ಇಳಿಯಲು ದಾರಿಯೇ ಇರುವುದಿಲ್ಲ, ಆಗ ಸಮತಟ್ಟು ಮಡಿಯಲ್ಲಿನ ಗೆಡ್ಡೆ ನೀರಿನಲ್ಲೇ ನೆನೆಯುತ್ತದೆ. ಏರು ಮಡಿ ವಸಂತದಲ್ಲಿ ಬೇಗ ಬಿಸಿಯೇರಿ ಹಂಗಾಮಿಗೆ ಕೆಲವು ದಿನಗಳನ್ನೂ ಸೇರಿಸುತ್ತದೆ. ಗೊಬ್ಬರದಲ್ಲಿ ಸಾರಜನಕ ಕಡಿಮೆ, ರಂಜಕ ಮತ್ತು ಪೊಟ್ಯಾಷ್ ಹೆಚ್ಚು ಇರಬೇಕು. ಹೂ ಮುಗಿದ ಕೂಡಲೇ ಕೊಡುವ ಕಂತು ನನ್ನ ಪ್ರಕಾರ ಬಹಳ ಮುಖ್ಯ. ಆಗಸ್ಟ್ ಮಧ್ಯದ ನಂತರ ಏನನ್ನೂ ಕೊಡುವುದಿಲ್ಲ, ಏಕೆಂದರೆ ಆಮೇಲೆ ಬರುವ ಮೆದು ಬೆಳವಣಿಗೆ ಚಳಿಗೆ ಬಲಿಯಾಗುತ್ತದೆ. ಎಲೆಗಳನ್ನು ಬೇಸಿಗೆಯಲ್ಲಿ ಅಂದಕ್ಕಾಗಿ ಅರ್ಧಕ್ಕೆ ಕತ್ತರಿಸುವ ಪದ್ಧತಿ ಹಲವೆಡೆ ಇದೆ. ಗಿಡವನ್ನು ಕಿತ್ತು ಬೇರೆಡೆ ನೆಡುವಾಗ ಅದು ಸರಿ, ನಿಂತ ಗಿಡದ ಹಸಿರೆಲೆಯನ್ನು ಕತ್ತರಿಸಿದರೆ ಮೊದಲೇ ಕೊರತೆಯಾಗಿರುವ ಆಹಾರ ಸಂಗ್ರಹಕ್ಕೆ ನಾವೇ ಕತ್ತರಿ ಹಾಕಿದಂತೆ.

ಚಳಿಗಾಲದ ಮುಚ್ಚಿಗೆಯ ಉದ್ದೇಶವನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಗಿಡವನ್ನು ಬೆಚ್ಚಗಿಡಲು ಮುಚ್ಚಿಗೆ ಹಾಕುವುದಲ್ಲ, ಹೆಪ್ಪುಗಟ್ಟಿದ ನೆಲ ಹಾಗೆಯೇ ಉಳಿಯಲೆಂದು ಹಾಕುವುದು. ಒಳ್ಳೆಯ ಹಿಮದ ಪದರ ಬಿದ್ದು ನಿಂತರೆ ಅದಕ್ಕಿಂತ ಉತ್ತಮ ಹೊದಿಕೆ ಬೇರೆ ಬೇಡ. ಗಾಳಿ ತುಂಬಿದ ಆ ಪದರದ ಕೆಳಗೆ ಮಣ್ಣಿನ ಉಷ್ಣಾಂಶ ಹೊರಗಿನ ಗಾಳಿಯದಕ್ಕಿಂತ ಬಹಳ ಮೇಲಿರುತ್ತದೆ, ಏರಿಳಿತವೂ ಕಡಿಮೆ. ಹಿಮ ಬೀಳದ ಒಣ ಡಿಸೆಂಬರ್, ಜನವರಿ ನಡುವಿನ ಅಕಾಲ ಮಳೆ, ಮರುದಿನವೇ ಕಡು ಚಳಿ, ಇವು ಗಿಡಗಳನ್ನು ಕೊಲ್ಲುವ ವರ್ಷಗಳು. ಆದ್ದರಿಂದ ನೆಲ ಪೂರ್ತಿ ಗಟ್ಟಿಯಾದ ಮೇಲೆ, ಅದಕ್ಕಿಂತ ಮೊದಲು ಖಂಡಿತ ಅಲ್ಲ, ಎತ್ತರದ ತಳಿಗಳ ಮೇಲೆ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಕೊಂಬೆಗಳನ್ನು ಹರಡುತ್ತೇನೆ. ಒಣಹುಲ್ಲು ನೀರು ಕುಡಿದು ಗೆಡ್ಡೆಯ ಮೇಲೆ ಅಂಟಿ ಕೂರುತ್ತದೆ, ಉದುರಿದ ಎಲೆಗಳು ಇನ್ನೂ ಕೆಟ್ಟವು. ಕೊಂಬೆಗಳ ನಡುವೆ ಗಾಳಿ ಆಡುತ್ತದೆ, ಗಾಳಿಗೆ ಹಾರಿಹೋಗುವ ಹಿಮವನ್ನೂ ಅವು ಹಿಡಿದಿಡುತ್ತವೆ. ವಸಂತದಲ್ಲಿ ಇವನ್ನು ಒಂದೇ ಸಲ ತೆಗೆಯದೆ, ಮೋಡ ಕವಿದ ದಿನ ನೋಡಿ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತೇನೆ.

ತೆಗೆದ ಕೂಡಲೇ ಪ್ರತಿ ಗೆಡ್ಡೆಯನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾಗಿ ದುರ್ವಾಸನೆ ಬಂದರೆ ಬ್ಯಾಕ್ಟೀರಿಯಾದಿಂದ ಬರುವ ಗೆಡ್ಡೆ ಕೊಳೆ ಎಂದೇ ತಿಳಿಯಬೇಕು. ಕೊಳೆತ ಭಾಗವನ್ನು ಚಮಚದಿಂದ ಕೆರೆದು ಗಟ್ಟಿ ಭಾಗ ಕಾಣುವವರೆಗೆ ತೆಗೆದು, ಗಾಯವನ್ನು ಬಿಸಿಲಿಗೆ ತೆರೆದಿಟ್ಟರೆ ಬಹಳಷ್ಟು ಸಲ ಉಳಿದದ್ದು ಚೇತರಿಸಿಕೊಳ್ಳುತ್ತದೆ. ಗೆಡ್ಡೆಯ ರಸ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಹಾಕಿಕೊಳ್ಳುವುದು ಒಳಿತು. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಐರಿಸ್ ಕೊರಕದ ಕಾಟವೂ ಇದೆ. ಅದರ ಪತಂಗ ಶರತ್ಕಾಲದಲ್ಲಿ ಒಣ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಮರಿಹುಳು ಎಳೆ ಎಲೆಯನ್ನು ಕೊರೆದು ಒಳಗೊಳಗೇ ಇಳಿದು ಬೇಸಿಗೆಯ ನಡುವಿಗೆ ಗೆಡ್ಡೆಯನ್ನು ತಲುಪುತ್ತದೆ, ಅದು ತೆರೆದ ದಾರಿಯಲ್ಲೇ ಕೊಳೆಯೂ ಬರುತ್ತದೆ. ಕಡು ಚಳಿ ಬಿದ್ದು ಪತಂಗಗಳ ಕಾಲ ಮುಗಿದ ಮೇಲೆ ಸತ್ತ ಎಲೆಗಳನ್ನು ಒಟ್ಟುಮಾಡಿ ತೋಟದಿಂದ ಹೊರಗೆ ಸಾಗಿಸಿದರೆ ಮೊಟ್ಟೆಗಳಲ್ಲಿ ಬಹುಪಾಲು ಅವುಗಳೊಡನೆಯೇ ಹೋಗುತ್ತವೆ.

ಮೇ ಕೊನೆಯ ರಾತ್ರಿಗಳು ಇನ್ನೊಂದು ಪರೀಕ್ಷೆ. ಎಲೆಯ ತುದಿ ಕಂದಿದರೆ ಚಿಂತೆಯಿಲ್ಲ, ಆದರೆ ಎಲೆಗಳ ನಡುವೆ ಕಣ್ಣಿಗೆ ಕಾಣದೆ ಏರುತ್ತಿರುವ ಹೂದಂಡಿಗೆ ಪೆಟ್ಟಾದರೆ ಆ ವರ್ಷದ ಹೂ ಹೋಯಿತು. ಬುಡವನ್ನು ಹಿಚುಕಿ ನೋಡಿ ಒಳಗೆ ದಂಡಿನ ಗಟ್ಟಿತನ ಸಿಕ್ಕರೆ ಅಂಥ ಗಿಡಗಳ ಮೇಲೆ ಮಾತ್ರ ಸಂಜೆ ಹಳೆಯ ಬೆಡ್‌ಶೀಟ್ ಹೊದಿಸಿ ಬೆಳಿಗ್ಗೆ ತೆಗೆಯುತ್ತೇನೆ.

ಗಡ್ಡದ ಐರಿಸ್‌ಗಳನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ, ಹೂ ಮುಗಿದ ಎರಡು ವಾರದೊಳಗೆ ಬಿಡಿಸಿ ನೆಡುತ್ತೇನೆ. ಎಲ್ಲವನ್ನೂ ಒಂದೇ ವರ್ಷ ಬಿಡಿಸದೆ ಮಡಿಯ ಒಂದು ಪಾಲನ್ನು ಮಾತ್ರ ಎತ್ತಿಕೊಂಡರೆ ತೋಟ ಯಾವ ವರ್ಷವೂ ಬರಿದಾಗುವುದಿಲ್ಲ. ಸೈಬೀರಿಯನ್‌ಗಳ ವಿಷಯ ಬೇರೆ: ಅವಕ್ಕೆ ಬೇರು ಒಣಗುವುದು ಸಹಿಸದು, ಆದ್ದರಿಂದ ವಸಂತದಲ್ಲಿ ಚಿಗುರು ಬೆರಳುದ್ದ ಇರುವಾಗಲೇ ಕಡಿದು, ನಾಲ್ಕು ಸೆಂಟಿಮೀಟರ್ ಆಳಕ್ಕೆ ನೆಟ್ಟು, ಮೊದಲ ಬೇಸಿಗೆಯುದ್ದಕ್ಕೂ ತೇವ ಆರದಂತೆ ನೋಡಿಕೊಳ್ಳುತ್ತೇನೆ. ವರ್ಷಕ್ಕೆ ಎರಡು ಸಲ ಹೂ ಬಿಡುವವೆಂದು ಮಾರುವ ತಳಿಗಳನ್ನು ಚಳಿ ಪ್ರದೇಶದವರು ಆ ಕಾರಣಕ್ಕಾಗಿ ಕೊಳ್ಳಬಾರದು. 1982ರಲ್ಲಿ ಬಂದ ‘ಇಮ್ಮಾರ್ಟಾಲಿಟಿ’ ಎಂಬ ಬಿಳಿಯ ತಳಿ ಜೂನ್‌ನಲ್ಲಿ ಚೆನ್ನಾಗಿಯೇ ಅರಳುತ್ತದೆ, ಎರಡನೆಯ ಹೂದಂಡು ಮೇಲೇಳುವ ಹೊತ್ತಿಗೆ ಸೆಪ್ಟೆಂಬರ್‌ನ ಚಳಿ ಬಂದಿರುತ್ತದೆ.

ಚಳಿಯಿಂದ ನೇರ ಲಾಭವಾಗುವುದು ಬೀಜದ ವಿಷಯದಲ್ಲಿ. ಐರಿಸ್ ಬೀಜ ಮೊಳೆಯಬೇಕಾದರೆ ಸುಮಾರು ಮೂರು ತಿಂಗಳು ತಂಪಿನಲ್ಲಿ ತೇವವಾಗಿರಬೇಕು. ಬೇರೆಡೆ ಇದಕ್ಕಾಗಿ ಫ್ರಿಜ್ ಬಳಸುತ್ತಾರೆ. ನಾನು ಸೈಬೀರಿಯನ್ ಬೀಜವನ್ನು ಅಕ್ಟೋಬರ್‌ನಲ್ಲಿ ಕುಂಡಗಳಿಗೆ ಬಿತ್ತಿ, ಇಲಿಗಳು ಬಾರದಂತೆ ಮೇಲೆ ತಂತಿಬಲೆ ಬಿಗಿದು ಹೊರಗೇ ಬಿಡುತ್ತೇನೆ, ಮೇ ತಿಂಗಳಲ್ಲಿ ಹುಲ್ಲಿನಂಥ ಮೊಳಕೆಗಳು ಬರುತ್ತವೆ. ಹೂ ಕಾಣಲು ಇನ್ನೂ ಎರಡು ಮೂರು ವರ್ಷ ಬೇಕು. ಹಾಗೆ ಬಂದವುಗಳಲ್ಲಿ ಹೆಚ್ಚಿನವು ಸಾಧಾರಣ ನೀಲಿಯವೇ. ಅವನ್ನು ಬೇಲಿಯ ಬದಿಗೆ ನೆಟ್ಟಿದ್ದೇನೆ, ಅವಕ್ಕೆ ಕಲ್ಲು, ಕೊಂಬೆಗಳ ಅಗತ್ಯವೂ ಬಿದ್ದಿಲ್ಲ.